ಮೋಟರ್‌ಹೋಮ್‌ಗೆ ಹೊರಗಿನ ಕರೆಂಟ್: ಕೇಬಲ್, ಪ್ಲಗ್, ಅರ್ಥ್‌ನಲ್ಲಿ ದೋಷ ಹುಡುಕುವುದು ಹೇಗೆ

ಗಾಣಗಾಪುರದ ಒಂದು ಲಾಡ್ಜಿನ ಅಂಗಳ. ಏಪ್ರಿಲ್ ತಿಂಗಳು. ಸಂಜೆ ಐದಾದರೂ ನೆಲ ಕಾದ ಹಂಚಿನ ಹಾಗಿತ್ತು. ಟೆಂಪೋ ಟ್ರಾವೆಲರ್‌ನ್ನೇ ಮನೆ ಮಾಡಿಕೊಂಡಿದ್ದ ಒಂದು ಕುಟುಂಬ ಅಲ್ಲಿ ಗಾಡಿ ನಿಲ್ಲಿಸಿತ್ತು. ಒಳಗೆ ಒಂದು ಟನ್ ಎಸಿ, ಸಣ್ಣ ಫ್ರಿಜ್, 2000 ವ್ಯಾಟ್ ಗೀಸರ್, ಬ್ಯಾಟರಿ ಚಾರ್ಜರ್. ಯಜಮಾನರು ಕಲಬುರಗಿಗೆ ಫೋನ್ ಮಾಡಿ ನನ್ನನ್ನು ಕರೆಸಿದ್ದರು. "ಅಣ್ಣಾ, ಎಸಿ ಚಾಲೂ ಆಗ್ಲಾಕತ್ತಿಲ್ರಿ. ಕರಂಟ್ ಬರೋಬ್ಬರಿ ಅದ. ಮೀಟರ್ ಹಚ್ಚಿ ನೋಡೀನಿ, 226 ತೋರಸ್ತದ."

ನಾನು ಹೋಗಿ ಟೂಲ್ ಬ್ಯಾಗ್ ಇಳಿಸುವಷ್ಟರಲ್ಲಿ ಅವರ ತಾಯಿ ಸಂಗಮದಲ್ಲಿ ಸ್ನಾನ ಮುಗಿಸಿ ಬಂದರು. ಒದ್ದೆ ಸೀರೆ, ಬರಿಗಾಲು. ಗಾಡಿ ಹತ್ತಲು ಬಾಗಿಲ ಪಕ್ಕದ ಸ್ಟೀಲ್ ರಾಡ್ ಹಿಡಿದವರು ತಟ್ಟನೆ ಕೈ ಬಿಟ್ಟರು. "ಯಪ್ಪಾ, ಕೈ ಜುಮ್ ಅಂತಲೋ!"

"ಅವ್ವಾ, ದೂರ ನಿಲ್ರಿ. ಯಾರೂ ಗಾಡಿ ಮುಟ್ಟಬ್ಯಾಡ್ರಿ" ಅಂದು ನಾನು ಲಾಡ್ಜಿನ ಗೋಡೆಯ ಸ್ವಿಚ್ ಕಡೆ ಓಡಿದೆ. ಎಸಿ ಮಾತು ಆಮೇಲೆ.

ಎಸಿ ಶುರುವಾಗದ್ದಕ್ಕೂ ಆ ತಾಯಿಗೆ ಜುಮ್ ಅಂದದ್ದಕ್ಕೂ ಕಾರಣ ಒಂದೇ ಆಗಿತ್ತು. ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಕನ್ವರ್ಟರ್ ಪ್ಲಗ್. ಅದನ್ನು ಹಿಡಿದ ದಾರಿಯನ್ನೇ ಇಲ್ಲಿ ಬರೆಯುತ್ತಿದ್ದೇನೆ. ಬೀದರ್, ಯಾದಗಿರಿ ಕಡೆ ಕಂಡ ಬೇರೆ ತೊಂದರೆಗಳನ್ನೂ ಜೊತೆಗೆ ಸೇರಿಸಿದ್ದೇನೆ. ನಮ್ಮ ಕಡೆ ಮೋಟರ್‌ಹೋಮ್‌ಗೆ ಅಂತಲೇ ಕರೆಂಟ್ ಕಂಬ ಇರುವ ಜಾಗ ಸಿಗುವುದು ಕಷ್ಟ. ಲಾಡ್ಜು, ಧಾಬಾ, ಕಲ್ಯಾಣ ಮಂಟಪ, ನೆಂಟರ ಮನೆ, ಹೊಲದ ಮನೆ, ಎಲ್ಲಿ ಸಿಕ್ಕಿತೋ ಅಲ್ಲಿಂದ ಎಳೆದುಕೊಳ್ಳುತ್ತೇವೆ. ಪ್ರತಿ ಜಾಗದ ವೈರಿಂಗೂ ಬೇರೆ. ಆದ್ದರಿಂದ ನಿನ್ನೆ ಚೆನ್ನಾಗಿ ನಡೆದ ಗಾಡಿ ಇವತ್ತು ಕೈ ಕೊಟ್ಟರೆ ಮೊದಲು ಗಾಡಿಯನ್ನು ಬಿಚ್ಚಬೇಡಿ. ಗೋಡೆಯಿಂದ ಗಾಡಿಯವರೆಗಿನ ದಾರಿಯನ್ನು ನೋಡಿ.

ಜುಮ್ ಅಂದರೆ ಮೊದಲು ಗೋಡೆಯ ಸ್ವಿಚ್

ಗಾಡಿಯ ಮೈ ಮುಟ್ಟಿದಾಗ ಸ್ವಲ್ಪವೇ ಜುಮ್ ಅಂದರೂ ಪರೀಕ್ಷೆ ಮಾಡುತ್ತಾ ನಿಲ್ಲಬೇಡಿ. ಕರೆಂಟ್ ಎಲ್ಲಿಂದ ಬರುತ್ತಿದೆಯೋ ಅಲ್ಲಿ ಆಫ್ ಮಾಡಿ, ಪ್ಲಗ್ ಕಿತ್ತುಬಿಡಿ. ಗಾಡಿಯೊಳಗಿನ ಸ್ವಿಚ್ ಆಫ್ ಮಾಡಲು ಹೋಗಬೇಡಿ. ಹತ್ತುವಾಗ ಒಂದು ಕಾಲು ನೆಲದ ಮೇಲೆ, ಒಂದು ಕೈ ಲೋಹದ ಹಿಡಿಕೆಯ ಮೇಲೆ ಇರುತ್ತದೆ. ಅಪಾಯ ಇರುವುದೇ ಆ ಭಂಗಿಯಲ್ಲಿ.

ಗಾಡಿ ನಿಂತಿರುವುದು ರಬ್ಬರ್ ಟೈರಿನ ಮೇಲೆ. ಅದರ ಮೈಗೆ ಕರೆಂಟ್ ಬಂದರೆ ನೆಲಕ್ಕೆ ಇಳಿಯಲು ದಾರಿ ಇರುವುದಿಲ್ಲ. ಒಳಗೆ ಕೂತವರಿಗೆ ಏನೂ ಗೊತ್ತಾಗುವುದಿಲ್ಲ, ಅವರ ಸುತ್ತಲಿನ ಲೋಹವೆಲ್ಲ ಒಂದೇ ವೋಲ್ಟೇಜ್‌ನಲ್ಲಿ ಇರುತ್ತದೆ. ಇಳಿಯುವವರು, ಹತ್ತುವವರು, ಹೊರಗೆ ನಿಂತು ಬಾಗಿಲು ತೆಗೆಯುವವರು ಆ ದಾರಿಯಾಗುತ್ತಾರೆ. "ನಾವು ಒಳಗೇ ಇದ್ದೆವು, ಏನೂ ಆಗಲಿಲ್ಲ" ಅನ್ನುವ ಮಾತು ಅದಕ್ಕೇ ಸಾಕ್ಷಿಯಾಗುವುದಿಲ್ಲ. ಚಪ್ಪಲಿ ಹಾಕಿದವರಿಗೆ ಬರೀ ಜುಮ್ ಅಂದದ್ದು ಒದ್ದೆ ಬರಿಗಾಲಿನವರ ಜೀವಕ್ಕೇ ಬರಬಹುದು. ಮಕ್ಕಳು, ವಯಸ್ಸಾದವರು ಇರುವ ಗಾಡಿಯಲ್ಲಿ ಇದನ್ನು ಯಾವತ್ತೂ "ಸ್ವಲ್ಪ ಅಷ್ಟೇ" ಅಂತ ಬಿಡಬೇಡಿ.

ಯಾರಾದರೂ ಹಿಡಿದುಕೊಂಡು ನಿಂತುಬಿಟ್ಟಿದ್ದರೆ ಅವರನ್ನು ಕೈಯಿಂದ ಎಳೆಯಬೇಡಿ. ಮೊದಲು ಕರೆಂಟ್ ತೆಗೆಯಿರಿ. ಅದು ಆಗದಿದ್ದರೆ ಒಣ ಕಟ್ಟಿಗೆಯಿಂದ ಬಿಡಿಸಿ.

ಇನ್ನೊಂದು ಮಾತು. ವೋಲ್ಟೇಜ್ ಅಳೆಯುವುದು, ಪ್ಲಗ್ ನೋಡುವುದು, ಸಾಮಾನುಗಳನ್ನು ಒಂದೊಂದಾಗಿ ಬಿಡಿಸುವುದು ಗಾಡಿ ಮಾಲೀಕರೇ ಮಾಡಬಹುದು. ಡಿಬಿ (ಸ್ವಿಚ್‌ಗಳೆಲ್ಲ ಇರುವ ಮೇನ್ ಡಬ್ಬಿ) ಬಿಚ್ಚುವುದು, ಗೋಡೆಯ ಸಾಕೆಟ್ ಬಿಚ್ಚುವುದು ಎಲೆಕ್ಟ್ರಿಷಿಯನ್ ಕೆಲಸ. ಕಂಬದ ಕಡೆಯ ತೊಂದರೆ ಅಂತ ಅನ್ನಿಸಿದರೆ ಜೆಸ್ಕಾಂ ಸಹಾಯವಾಣಿ 1912ಕ್ಕೆ ಹೇಳಿ. ಕಂಬಕ್ಕೆ ಯಾರೂ ಕೈ ಹಾಕಬೇಡಿ.

ಮೀಟರ್ ಹಿಡಿಯುವ ಕ್ರಮ

ಒಂದು ಮಲ್ಟಿಮೀಟರ್ ಬೇಕೇ ಬೇಕು. ವೈರ್ ಸುತ್ತ ಹಿಡಿದು ಎಷ್ಟು ಆಂಪಿಯರ್ ಹರಿಯುತ್ತಿದೆ ಅಂತ ನೋಡುವ ಕ್ಲ್ಯಾಂಪ್ ಮೀಟರ್ ಇದ್ದರೆ ಕೆಲಸ ಅರ್ಧ ಆದ ಹಾಗೆ. ಹೋಲ್ಡರ್‌ಗೆ ಎರಡು ವೈರ್ ಕಟ್ಟಿದ 100 ವ್ಯಾಟ್‌ನ ಹಳೇ ಬಲ್ಬ್ ಒಂದು ಇರಲಿ, ಅದರ ಉಪಯೋಗ ಮುಂದೆ ಬರುತ್ತದೆ. ಸ್ಕ್ರೂಡ್ರೈವರ್ ಥರದ ಟೆಸ್ಟರ್ ಮೇಲೆ ಪೂರ್ತಿ ನಂಬಿಕೆ ಇಡಬೇಡಿ. ಅದರ ಸಣ್ಣ ದೀಪ ಹೊತ್ತಲು ಅತಿ ಕಡಿಮೆ ಕರೆಂಟ್ ಸಾಕು. ಅದು ಹೊತ್ತಿದರೂ ಲೈನ್ ಸರಿ ಇಲ್ಲದಿರಬಹುದು. ಗಾಡಿಯೊಳಗೆ ರಬ್ಬರ್ ಮ್ಯಾಟ್ ಮೇಲೆ ನಿಂತಾಗ ಹೊತ್ತದೆಯೂ ಇರಬಹುದು.

ಕರೆಂಟ್ ತರುವ ವೈರ್ ಫೇಸ್, ವಾಪಸ್ ಒಯ್ಯುವುದು ನ್ಯೂಟ್ರಲ್, ಮೈಗೆ ಸೋರಿದ್ದನ್ನು ನೆಲಕ್ಕೆ ಇಳಿಸುವುದು ಅರ್ಥ್. ಅಳೆಯಬೇಕಾದ ಜೋಡಿ ಮೂರು. ಫೇಸ್–ನ್ಯೂಟ್ರಲ್, ಫೇಸ್–ಅರ್ಥ್, ನ್ಯೂಟ್ರಲ್–ಅರ್ಥ್. ನಮ್ಮ ಸಪ್ಲೈ 230 ವೋಲ್ಟ್. ಹತ್ತು ಪರ್ಸೆಂಟ್ ಹಿಂದೆ ಮುಂದೆ ಅಂದರೆ 207ರಿಂದ 253ರವರೆಗೆ ಸಾಮಾನುಗಳು ತಡೆಯುತ್ತವೆ. ಫೇಸ್–ಅರ್ಥ್ ಓದು ಫೇಸ್–ನ್ಯೂಟ್ರಲ್‌ಗೆ ಹತ್ತಿರ ಇರಬೇಕು. ನ್ಯೂಟ್ರಲ್–ಅರ್ಥ್ ಎರಡು ಮೂರು ವೋಲ್ಟ್ ಇದ್ದರೆ ಪರವಾಗಿಲ್ಲ. ಫೇಸ್–ಅರ್ಥ್ 110ರ ಆಸುಪಾಸು, ನ್ಯೂಟ್ರಲ್–ಅರ್ಥ್ ಕೂಡ 110ರ ಆಸುಪಾಸು ಬಂದರೆ ಅರ್ಥ್ ವೈರ್ ಎಲ್ಲೋ ತುಂಡಾಗಿದೆ ಅಂತಲೇ ತಿಳಿಯಿರಿ. ಸಣ್ಣ ಜನರೇಟರ್‌ನಿಂದ ಕರೆಂಟ್ ತೆಗೆದುಕೊಂಡಾಗಲೂ ಹೀಗೆ ಬರಬಹುದು. ಅದರ ನ್ಯೂಟ್ರಲ್ ಅನ್ನು ಬಹಳ ಸಲ ನೆಲಕ್ಕೆ ಕಟ್ಟಿರುವುದಿಲ್ಲ. ಅಂಥ ಜನರೇಟರ್ ಮೇಲೆ ಗಾಡಿಯ ಆರ್‌ಸಿಸಿಬಿಯನ್ನು, ಅಂದರೆ ಕರೆಂಟ್ ಸೋರಿದರೆ ತಾನೇ ಬೀಳುವ ಸ್ವಿಚ್ಚನ್ನು, ನಂಬಿಕೊಳ್ಳುವ ಹಾಗಿಲ್ಲ.

ಸಾಕೆಟ್ ಎದುರು ನಿಂತು ದೊಡ್ಡ ಅರ್ಥ್ ತೂತು ಮೇಲೆ ಬರುವ ಹಾಗೆ ನೋಡಿದರೆ ಬಲಗಡೆ ಫೇಸ್, ಎಡಗಡೆ ನ್ಯೂಟ್ರಲ್. ಎಡಗಡೆ ತೂತಿಗೂ ಅರ್ಥ್‌ಗೂ 225 ತೋರಿಸಿದರೆ ವೈರ್ ಅದಲುಬದಲಾಗಿದೆ. ಲೈಟು ಫ್ಯಾನು ಎಲ್ಲಾ ನಡೆಯುತ್ತವೆ, ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಗಾಡಿಯಲ್ಲಿ ಒಂದೇ ವೈರ್ ಕಡಿಯುವ (ಸಿಂಗಲ್ ಪೋಲ್) ಎಂಸಿಬಿ, ಅಂದರೆ ಕರೆಂಟ್ ಜಾಸ್ತಿಯಾದರೆ ತಾನೇ ಬೀಳುವ ಸ್ವಿಚ್, ಇದ್ದರೆ ಆಫ್ ಮಾಡಿದಾಗ ನ್ಯೂಟ್ರಲ್ ಮಾತ್ರ ಕಡಿಯುತ್ತದೆ. ಗೀಸರ್ ಒಳಗೆ ಫೇಸ್ ಹಾಗೇ ಉಳಿಯುತ್ತದೆ. ಊರೂರು ತಿರುಗುವ ಗಾಡಿಗೆ ಮೇನ್‌ನಲ್ಲಿ ಎರಡೂ ವೈರ್ ಕಡಿಯುವ ಡಬಲ್ ಪೋಲ್ ಸ್ವಿಚ್ ಹಾಕಿ ಅಂತ ನಾನು ಎಲ್ಲರಿಗೂ ಹೇಳುವುದು ಇದಕ್ಕೇ.

ಮೀಟರ್‌ನಲ್ಲಿ ಕರೆಂಟ್ ಇದೆ, ಎಸಿ ಮಾತ್ರ ನಡೆಯುವುದಿಲ್ಲ

ಗಾಣಗಾಪುರದಲ್ಲಿ ಯಜಮಾನರು ನೋಡಿದ 226 ತಪ್ಪಲ್ಲ. ಆದರೆ ಅವರು ಅಳೆದದ್ದು ಏನೂ ನಡೆಯದೇ ಇದ್ದಾಗ. ಮಲ್ಟಿಮೀಟರ್ ಲೈನ್‌ನಿಂದ ಹೆಚ್ಚುಕಡಿಮೆ ಏನನ್ನೂ ಎಳೆಯುವುದಿಲ್ಲ. ಹತ್ತು ಎಳೆಯಲ್ಲಿ ಒಂಬತ್ತು ತುಂಡಾದ ವೈರ್‌ನಲ್ಲೂ ಅದು 226 ತೋರಿಸುತ್ತದೆ. ಪೈಪ್ ಕಟ್ಟಿಕೊಂಡಿದ್ದರೂ ನಲ್ಲಿ ಮುಚ್ಚಿರುವಾಗ ಒತ್ತಡ ಪೂರ್ತಿ ಇರುತ್ತದೆ ಅಲ್ವಾ, ಹಾಗೆ. ಲೋಡ್ ಹಾಕಿ ಅಳೆಯದೇ ಕೇಬಲ್ ಸರಿ ಇದೆ ಅಂತ ಹೇಳಲೇಬಾರದು. ಈ ಬರಹದಲ್ಲಿ ಬೇರೇನೂ ನೆನಪಿಡದಿದ್ದರೂ ಇದನ್ನು ನೆನಪಿಡಿ.

ಲೋಡ್‌ಗೆ ಗೀಸರ್ ಒಳ್ಳೆಯದು. ಹಾಕಿದ ತಕ್ಷಣ ಒಂದೇ ಸಮ ಕರೆಂಟ್ ಎಳೆಯುತ್ತದೆ. ಅದರಲ್ಲಿ ನೀರು ತುಂಬಿದೆಯೋ ನೋಡಿಕೊಳ್ಳಿ. ಆ ದಿನ ಅರ್ಥ್ ದಾರಿ ಇನ್ನೂ ಸರಿ ಆಗಿರಲಿಲ್ಲ, ಅದಕ್ಕೆ ಮೊದಲು ಮನೆಯವರನ್ನೆಲ್ಲ ದೂರ ಕೂರಿಸಿದೆ. ನಾನು ಗಾಡಿಯೊಳಗೆ ಸೇರಿಕೊಂಡ ಮೇಲೆ ಹೊರಗಿನವರಿಂದ ಸ್ವಿಚ್ ಹಾಕಿಸಿದೆ. ಗೀಸರ್ ಹಾಕಿದಾಗ ಗಾಡಿಯ ಡಿಬಿಯಲ್ಲಿ 226 ಇದ್ದದ್ದು 204ಕ್ಕೆ ಇಳಿಯಿತು. ಅದೇ ಹೊತ್ತಿಗೆ ಲಾಡ್ಜಿನ ಬೋರ್ಡ್‌ನ ಪಕ್ಕದ ಸಾಕೆಟ್‌ನಲ್ಲಿ 220. ಅಂದರೆ ಗೋಡೆಯಿಂದ ಗಾಡಿಗೆ ಬರುವಷ್ಟರಲ್ಲಿ 16 ವೋಲ್ಟ್ ಕಳೆದುಹೋಗುತ್ತಿತ್ತು. ಕ್ಲ್ಯಾಂಪ್ ಮೀಟರ್ 7.7 ಆಂಪಿಯರ್ ತೋರಿಸುತ್ತಿತ್ತು.

ಇಲ್ಲಿ ಒಂದು ಸಣ್ಣ ಲೆಕ್ಕ ಮಾಡಬೇಕು. ಅವರ ಕೇಬಲ್ 1.5 ಸ್ಕ್ವೇರ್ ಎಂಎಂನದು, 30 ಮೀಟರ್ ಉದ್ದ. ಆ ಗಾತ್ರದ ತಾಮ್ರದ ವೈರ್‌ಗೆ ಕಿಲೋಮೀಟರ್‌ಗೆ ಸುಮಾರು 13.3 ಓಮ್. ಹೋಗಿ ಬರುವ ದಾರಿ 60 ಮೀಟರ್, ಅಂದರೆ 0.8 ಓಮ್. 7.7 ಆಂಪಿಯರ್‌ಗೆ ಆರು ವೋಲ್ಟ್ ಚಿಲ್ಲರೆ. ಕೇಬಲ್ ನುಂಗುವುದು ಅಷ್ಟೇ. ಉಳಿದ ಹತ್ತು ವೋಲ್ಟ್ ಯಾವುದೋ ಜೋಡಣೆಯಲ್ಲಿ ಹೋಗುತ್ತಿದೆ. ಹತ್ತು ವೋಲ್ಟ್, 7.7 ಆಂಪಿಯರ್, ಗುಣಿಸಿದರೆ 77 ವ್ಯಾಟ್. ಮೂರು ಸೋಲ್ಡರಿಂಗ್ ಐರನ್‌ನ ಶಾಖ ಒಂದೇ ಕಡೆ. ಅದನ್ನು ಹುಡುಕಲು ಮೀಟರ್ ಬೇಕಾಗಲಿಲ್ಲ. ಹತ್ತಿರ ಹೋದರೆ ಮೀನಿನ ವಾಸನೆಯಂಥ ಒಂದು ವಾಸನೆ ಬರುತ್ತಿತ್ತು. ಸ್ವಿಚ್ ಸಾಕೆಟ್‌ನ ಪ್ಲಾಸ್ಟಿಕ್ ಬೇಯುವಾಗ ಬರುವ ವಾಸನೆ ಅದು.

ಲಾಡ್ಜಿನಲ್ಲಿ ಇದ್ದದ್ದು 6 ಆಂಪಿಯರ್‌ನ ಸಣ್ಣ ಸಾಕೆಟ್. ಗಾಡಿಯದು 16 ಆಂಪಿಯರ್‌ನ ದಪ್ಪ ಪಿನ್. ನಡುವೆ ಅಂಗಡಿಯಲ್ಲಿ ಸಿಗುವ ಕನ್ವರ್ಟರ್ ಸಿಕ್ಕಿಸಿದ್ದರು. ಆಫ್ ಮಾಡಿ, ತಣ್ಣಗಾಗಲು ಬಿಟ್ಟು ಎಳೆದು ನೋಡಿದೆ. ಫೇಸ್ ಪಿನ್‌ನ ಹಿತ್ತಾಳೆ ಬಣ್ಣ ಹೋಗಿ ನೀಲಿ ಕಂದು ಆಗಿತ್ತು. ತೂತಿನ ಸುತ್ತ ಬೆಳ್ಳನೆ ಪ್ಲಾಸ್ಟಿಕ್ ಹಳದಿ ತಿರುಗಿ, ಒಂದು ಕರೀ ಉಂಗುರ ಬಿದ್ದಿತ್ತು. ಒಳಗಿನ ಪತ್ತಿ ಕಾದು ಸಡಿಲಾಗಿತ್ತು. ಸಡಿಲಾದಷ್ಟೂ ಜಾಸ್ತಿ ಕಾಯುತ್ತದೆ, ಕಾದಷ್ಟೂ ಜಾಸ್ತಿ ಸಡಿಲಾಗುತ್ತದೆ. ಇದು ತಾನಾಗಿ ಯಾವತ್ತೂ ಸರಿ ಹೋಗುವುದಿಲ್ಲ.

ಎಸಿ ಯಾಕೆ ಗುಂಯ್ ಅಂತ ಸದ್ದು ಮಾಡಿ ಟಕ್ ಅಂತ ನಿಲ್ಲುತ್ತಿತ್ತು ಅನ್ನುವುದೂ ಇದೇ ಲೆಕ್ಕದಲ್ಲಿದೆ. ದಾರಿಯ ಒಟ್ಟು ತಡೆ ಎರಡು ಓಮ್ ಚಿಲ್ಲರೆ. ಹಳೇ ಥರದ ಕಂಪ್ರೆಸರ್ ಏಳುವ ಕ್ಷಣದಲ್ಲಿ ನಡೆಯುವಾಗಿನದಕ್ಕಿಂತ ಹಲವು ಪಟ್ಟು ಕರೆಂಟ್ ಎಳೆಯುತ್ತದೆ. 20 ಆಂಪಿಯರ್ ಅಂದರೂ 40 ವೋಲ್ಟ್ ದಾರಿಯಲ್ಲೇ ಹೋಯಿತು. ಉಳಿದದ್ದರಲ್ಲಿ ಅದಕ್ಕೆ ಏಳುವ ಶಕ್ತಿ ಇಲ್ಲ. ಕಂಪ್ರೆಸರ್‌ನ ಓವರ್‌ಲೋಡ್ ಸ್ವಿಚ್ ಕಡಿದು ನಿಲ್ಲುತ್ತದೆ. ಇಂಥ ಹೊತ್ತಲ್ಲಿ ಸ್ಟೆಬಿಲೈಸರ್ ತಂದು ಇಟ್ಟರೆ ಇನ್ನೂ ಕೆಡುಕು. ಅದು ವೋಲ್ಟೇಜ್ ಏರಿಸಲು ಲೈನ್‌ನಿಂದ ಇನ್ನೂ ಜಾಸ್ತಿ ಕರೆಂಟ್ ಎಳೆಯುತ್ತದೆ, ಸುಡುತ್ತಿರುವ ಪಿನ್ ಇನ್ನೂ ಬೇಗ ಸುಡುತ್ತದೆ. ಮೊದಲು ಜೋಡಣೆ, ಆಮೇಲೆ ಸ್ಟೆಬಿಲೈಸರ್.

ಒಂದು ವೇಳೆ ಗೋಡೆಯ ಸಾಕೆಟ್‌ನಲ್ಲೇ 226 ಇದ್ದದ್ದು 190ಕ್ಕೆ ಇಳಿದಿದ್ದರೆ? ಆಗ ತಪ್ಪು ನಿಮ್ಮ ಕೇಬಲ್‌ದಲ್ಲ. ಆ ಕಟ್ಟಡದ ವೈರಿಂಗ್ ಅಥವಾ ಸಪ್ಲೈ ಸೋತಿದೆ. ಗಾಡಿಯಲ್ಲಿ ಏನು ಬಿಚ್ಚಿದರೂ ಪ್ರಯೋಜನ ಇಲ್ಲ. ಎಸಿ ಬಿಟ್ಟು ಫ್ಯಾನ್ ಹಾಕಿಕೊಳ್ಳಿ, ಇಲ್ಲವೇ ಬೇರೆ ಸಾಕೆಟ್ ಕೇಳಿ.

ಕೇಬಲ್‌ನ ಆರೋಗ್ಯ

ಮೋಟರ್‌ಹೋಮ್‌ಗೆ 2.5 ಸ್ಕ್ವೇರ್ ಎಂಎಂನ, ಫೇಸ್, ನ್ಯೂಟ್ರಲ್, ಅರ್ಥ್ ಮೂರೂ ವೈರ್ ಇರುವ (ಮೂರು ಕೋರ್) ತಾಮ್ರದ ಫ್ಲೆಕ್ಸಿಬಲ್ ಕೇಬಲ್‌ಗಿಂತ ಸಣ್ಣದು ಬೇಡ. ಅದರ ತಡೆ ಕಿಲೋಮೀಟರ್‌ಗೆ ಸುಮಾರು 8 ಓಮ್. ಉದ್ದ ಬೇಕಾದಷ್ಟೇ ಇರಲಿ. ಕೊಳ್ಳುವಾಗ ತುದಿಯ ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೂ ಕೆಂಪಾಗಿದ್ದರೆ ತಾಮ್ರ. ಬೆಳ್ಳಗೆ ಕಂಡರೆ ಅಲ್ಯೂಮಿನಿಯಂಗೆ ತಾಮ್ರ ಬಳಿದದ್ದು. ಅದರ ತಡೆ ಜಾಸ್ತಿ, ಸ್ಕ್ರೂ ಕೆಳಗೆ ಬೇಗ ಸಡಿಲಾಗುತ್ತದೆ. ತೂಕ ಹಗುರ ಇದ್ದರೇ ಅನುಮಾನ ಬರಬೇಕು.

ಸಿಂಬಿ ಸುತ್ತಿದ ಕೇಬಲ್‌ನ್ನು ಪೂರ್ತಿ ಬಿಚ್ಚಿ ಹರಡಿ. ಐದು ಮೀಟರ್ ಸಾಕಾದರೂ ಮೂವತ್ತೂ ಮೀಟರ್ ಬಿಚ್ಚಿ. 13 ಆಂಪಿಯರ್ ಹರಿದರೆ 30 ಮೀಟರ್‌ನ 1.5 ಕೇಬಲ್‌ನಲ್ಲಿ ಸುಮಾರು 135 ವ್ಯಾಟ್ ಶಾಖ ಹುಟ್ಟುತ್ತದೆ. ಹರಡಿದ್ದರೆ ಗಾಳಿಗೆ ಹೋಗುತ್ತದೆ, ಸಿಂಬಿಯಲ್ಲಿದ್ದರೆ ನಡುವಿನ ಸುತ್ತುಗಳು ಅಂಟಿಕೊಳ್ಳುತ್ತವೆ. ಸಾಮಾನ್ಯ ಪಿವಿಸಿ ವೈರ್ ತಡೆಯುವುದು 70 ಡಿಗ್ರಿಯವರೆಗೆ. ನಮ್ಮ ಬೇಸಿಗೆಯಲ್ಲಿ ಗಾಳಿಯೇ 42, 43. ಬಿಸಿಲಿಗೆ ಕಾದ ಶಹಾಬಾದ್ ಫರ್ಸಿಯ ಅಂಗಳ ಅದಕ್ಕಿಂತ ಬಿಸಿ. ಉಳಿದ ಅಂತರ ತುಂಬಾ ಕಡಿಮೆ. ಕೇಬಲ್‌ನ್ನು ಗಾಡಿಯ ನೆರಳಲ್ಲಿ, ಗೋಡೆಯ ಬುಡದಲ್ಲಿ ಎಳೆಯಿರಿ.

ಕೇಬಲ್ ಒಳಗೇ ತುಂಡಾಗಿದೆಯೋ ಅಂತ ನೋಡಲು ಎರಡೂ ತುದಿ ಬಿಡಿಸಿ. ಒಂದು ತುದಿಯಲ್ಲಿ ಫೇಸ್, ನ್ಯೂಟ್ರಲ್ ಸೇರಿಸಿ ಇನ್ನೊಂದು ತುದಿಯಲ್ಲಿ ಮೀಟರ್‌ನ ಬೀಪ್ ಹಚ್ಚಿ. ಯಾರಾದರೂ ಕೇಬಲ್‌ನ್ನು ಅಂಗೈ ಅಂಗೈಯಾಗಿ ಬಗ್ಗಿಸುತ್ತಾ ಹೋಗಲಿ. ಬೀಪ್ ಕಡಿದ ಜಾಗದಲ್ಲೇ ತುಂಡು. ಬಹಳ ಸಲ ಅದು ಪ್ಲಗ್‌ನಿಂದ ಅರ್ಧ ಅಡಿಯೊಳಗೆ ಇರುತ್ತದೆ, ಕೇಬಲ್ ಹಿಡಿದು ಪ್ಲಗ್ ಎಳೆಯುವುದರಿಂದ. ಆ ತುದಿ ಕತ್ತರಿಸಿ ಹೊಸ ಪ್ಲಗ್ ಹಾಕಿ. ನಡುವೆ ಟೇಪ್ ಸುತ್ತಿದ ಜಾಯಿಂಟ್ ಬೇಡ.

ಅರ್ಥ್: ನಮ್ಮ ನೆಲದ ಗುಣ ಗೊತ್ತಿರಬೇಕು

ಆ ಕನ್ವರ್ಟರ್‌ನಲ್ಲಿ ಇನ್ನೊಂದು ದೋಷವೂ ಇತ್ತು. ಅದರ ಅರ್ಥ್ ಪತ್ತಿ ಗಾಡಿಯ ಪ್ಲಗ್‌ನ ಅರ್ಥ್ ಪಿನ್ನಿಗೆ ತಾಗುತ್ತಲೇ ಇರಲಿಲ್ಲ. ಆದ್ದರಿಂದ ಗಾಡಿಯ ಮೈ ಗಾಳಿಯಲ್ಲಿ ತೇಲುತ್ತಿತ್ತು. ಗಾಡಿಯ ಮೈಗೂ ಒದ್ದೆ ನೆಲಕ್ಕೂ ಮೀಟರ್ ಹಚ್ಚಿದರೆ 104 ವೋಲ್ಟ್. ಅದೇ ಜಾಗಕ್ಕೆ 100 ವ್ಯಾಟ್ ಬಲ್ಬ್ ಹಚ್ಚಿದರೆ ಹೊತ್ತಲಿಲ್ಲ, ಮೀಟರ್ ಓದು ಕುಸಿದುಬಿತ್ತು. ಚಾರ್ಜರ್, ಫ್ರಿಜ್‌ನ ಎಲೆಕ್ಟ್ರಾನಿಕ್ಸ್ ಒಳಗಿನ ಫಿಲ್ಟರ್‌ಗಳಿಂದ ಮೈಗೆ ಸೋರುವ ಸಣ್ಣ ಕರೆಂಟ್ ಅದು. ಅರ್ಥ್ ಇದ್ದಿದ್ದರೆ ಸುಮ್ನೆ ಅದರಲ್ಲಿ ಇಳಿದುಹೋಗುತ್ತಿತ್ತು. ಬಲ್ಬ್ ಹೊತ್ತಿಕೊಂಡಿದ್ದರೆ ಕಥೆಯೇ ಬೇರೆ. ಆಗ ಫೇಸ್ ವೈರೇ ಮೈಗೆ ತಾಗಿದೆ, ಅಂಥ ಗಾಡಿಗೆ ದೋಷ ಸಿಗುವವರೆಗೆ ಹೊರಗಿನ ಕರೆಂಟ್ ಕೊಡಲೇಬಾರದು. ಅರ್ಥ್ ಇಲ್ಲದ ಗಾಡಿಯಲ್ಲಿ ಇವತ್ತಿನ ಜುಮ್, ನಾಳೆ ಒಂದು ವೈರ್ ಸವೆದರೆ ಪೂರ್ತಿ ಶಾಕ್ ಆಗುತ್ತದೆ.

ಸಾಕೆಟ್‌ನಲ್ಲಿ ಅರ್ಥ್ ತೂತು ಇದೆ ಅಂದ ಮಾತ್ರಕ್ಕೆ ಅದರ ಹಿಂದೆ ಅರ್ಥ್ ಇದೆ ಅಂತಲ್ಲ. ಫೇಸ್–ಅರ್ಥ್ ಮಧ್ಯೆ ಮೀಟರ್ 225 ತೋರಿಸಿದರೂ ಸಾಲದು, ಒಣಗಿದ ಅರ್ಥ್ ಗುಂಡಿಯೂ ಹಾಗೇ ತೋರಿಸುತ್ತದೆ. ಎಲೆಕ್ಟ್ರಿಷಿಯನ್‌ಗಳು ಅಲ್ಲಿ ಬಲ್ಬ್ ಹಚ್ಚಿ ನೋಡುತ್ತಾರೆ. ಪೂರ್ತಿ ಬೆಳಕು ಬಂದರೆ ಅರ್ಥ್ ಚೆನ್ನಾಗಿದೆ, ಮಂಕಾದರೆ ಇಲ್ಲ. ಆರ್‌ಸಿಸಿಬಿ ಇದ್ದರೆ ಅದು ಬೀಳುತ್ತದೆ, ಅದೂ ಒಳ್ಳೆಯ ಸುದ್ದಿಯೇ. ಆದರೆ ಅರ್ಥ್ ಕೆಟ್ಟಿದ್ದರೆ ಆ ಹೊತ್ತಿಗೆ ಅದಕ್ಕೆ ಸೇರಿದ ಲೋಹಕ್ಕೆಲ್ಲ ಕರೆಂಟ್ ಬರುತ್ತದೆ. ಬೇರೆ ರೂಮಿನ ಗೀಸರ್‌ಗೂ ಬರಬಹುದು. ಆದ್ದರಿಂದ ಇದನ್ನು ಗೊತ್ತಿದ್ದವರೇ ಮಾಡಲಿ.

ನೆಲದ ಮಾತಿಗೆ ಬರೋಣ. ಕಲಬುರಗಿ ಸುತ್ತಿನ ಎರಿ ಭೂಮಿ (ಕಪ್ಪು ಮಣ್ಣಿನ ನೆಲ) ಮಳೆಗಾಲದಲ್ಲಿ ಅರ್ಥ್‌ಗೆ ಬಹಳ ಛಲೋ. ಹಸಿ ಎರಿ ಮಣ್ಣು ರಾಡಿಗೆ ಅಂಟಿಕೊಂಡು ಕೂರುತ್ತದೆ. ಏಪ್ರಿಲ್, ಮೇನಲ್ಲಿ ಅದೇ ನೆಲ ಕೈ ಹೋಗುವಷ್ಟು ಬಿರಿಯುತ್ತದೆ, ರಾಡಿನಿಂದ ದೂರ ಸರಿಯುತ್ತದೆ. ಬೀದರ್‌ನ ಕೆಂಪು ಜಂಬಿಟ್ಟಿಗೆ ನೆಲದಲ್ಲಿ ನೀರು ನಿಲ್ಲದೆ ಬಸಿದುಹೋಗುತ್ತದೆ. ಶಹಾಬಾದ್, ಚಿತ್ತಾಪುರ, ಸೇಡಂ ಕಡೆ ಸ್ವಲ್ಪ ಇಳಿದರೆ ಹಾಸುಗಲ್ಲು, ರಾಡ್ ಹೋಗುವುದೇ ಇಲ್ಲ. ಯಾದಗಿರಿ, ಶಹಾಪುರದ ಬೆಟ್ಟದ ಬುಡದಲ್ಲೂ ಅದೇ ಪಾಡು, ಕಲ್ಲು ಮಾತ್ರ ಬೇರೆ. ಬೇಸಿಗೆಯಲ್ಲಿ ಅರ್ಥ್ ಗುಂಡಿಗೆ ಒಂದು ಕೊಡ ನೀರು ಹಾಕಿ ಮತ್ತೆ ನೋಡಿ. ಎಷ್ಟೋ ಕಡೆ ಅಷ್ಟರಿಂದಲೇ ಓದು ಬದಲಾಗುತ್ತದೆ.

ಇಂಥ ನೆಲದಲ್ಲಿ ಎಂಸಿಬಿ ಒಂದೇ ಜೀವ ಉಳಿಸುವುದಿಲ್ಲ. ಅರ್ಥ್ ತಡೆ 100 ಓಮ್ ಅಂತ ಇಟ್ಟುಕೊಳ್ಳಿ. ಫೇಸ್ ಮೈಗೆ ತಾಗಿದರೆ ಹರಿಯುವುದು 2.3 ಆಂಪಿಯರ್. 16 ಆಂಪಿಯರ್ ಎಂಸಿಬಿಗೆ ಅದು ಒಂದು ಲೋಡೇ ಅಲ್ಲ, ಬೀಳುವುದಿಲ್ಲ. ಗಾಡಿಯ ಮೈ ಮೇಲೆ ಕರೆಂಟ್ ಹಾಗೇ ಕೂರುತ್ತದೆ. 30 ಮಿಲಿಆಂಪಿಯರ್‌ನ ಆರ್‌ಸಿಸಿಬಿಗೆ ಮಾತ್ರ 2.3 ಆಂಪಿಯರ್ ಬಹಳ ದೊಡ್ಡದು, ಕಣ್ಣು ಮಿಟುಕಿಸುವುದರೊಳಗೆ ಕಡಿಯುತ್ತದೆ. ಗಾಡಿಯಲ್ಲಿ ಅದು ಇಲ್ಲದಿದ್ದರೆ ಎಸಿಗಿಂತ ಮೊದಲು ಅದನ್ನು ಹಾಕಿಸಿ. ಅದರ ಟಿ (ಟೆಸ್ಟ್) ಬಟನ್ ಒತ್ತಿದಾಗ ಬಿದ್ದರೆ ಅದರ ಒಳಗಿನ ಯಂತ್ರ ಸರಿ ಇದೆ ಅಂತ ಮಾತ್ರ ಅರ್ಥ. ಅರ್ಥ್ ವೈರ್ ಇಲ್ಲದಿದ್ದರೂ ಆ ಬಟನ್ ಕೆಲಸ ಮಾಡುತ್ತದೆ.

ಅರ್ಥ್ ಸಿಗದಿದ್ದಾಗ ನ್ಯೂಟ್ರಲ್‌ನ್ನೇ ಗಾಡಿಯ ಮೈಗೆ ಕಟ್ಟುವವರನ್ನು ನೋಡಿದ್ದೇನೆ. ದಯವಿಟ್ಟು ಮಾಡಬೇಡಿ. ನ್ಯೂಟ್ರಲ್ ಎಲ್ಲಾದರೂ ಕಡಿದ ಕ್ಷಣ ಇಡೀ ಗಾಡಿ ಫೇಸ್ ಆಗುತ್ತದೆ.

ಹೊಲದ ಪಂಪ್‌ಸೆಟ್‌ನಿಂದ ಎಳೆದ ಕರೆಂಟ್

ಶಹಾಪುರ, ಸುರಪುರದ ಕಡೆ ಹೊಲದಲ್ಲಿ ಗಾಡಿ ನಿಲ್ಲಿಸುವುದು ಎಷ್ಟು ಚಂದವೋ ಅಲ್ಲಿಯ ಸ್ಟಾರ್ಟರ್ ಡಬ್ಬಿಯಿಂದ ಕರೆಂಟ್ ತೆಗೆಯುವುದು ಅಷ್ಟೇ ಅಪಾಯ. ಮೋಟರ್‌ಗೆ ಮೂರು ಫೇಸ್ ಬರುತ್ತವೆ, ನ್ಯೂಟ್ರಲ್ ಬಹಳ ಕಡೆ ಇರುವುದೇ ಇಲ್ಲ. ಎರಡು ಫೇಸ್‌ಗೆ ವೈರ್ ಸಿಕ್ಕಿಸಿದರೆ 400 ವೋಲ್ಟ್, ಗಾಡಿಯ ಚಾರ್ಜರ್ ಮೊದಲು ಸುಡುತ್ತದೆ. ಅದು ಗೊತ್ತಿರುವವರು ಒಂದು ಫೇಸ್ ತೆಗೆದುಕೊಂಡು, ಇನ್ನೊಂದು ವೈರ್ ಅನ್ನು ನೆಲಕ್ಕೆ ಹೊಡೆದ ಸರಳಿಗೆ ಕಟ್ಟುತ್ತಾರೆ. ಒಂದು ಬಲ್ಬ್ ಹೊತ್ತುತ್ತದೆ. ಗೀಸರ್ ಹಾಕಿದರೆ ವೋಲ್ಟೇಜ್ ನೂರರ ಕೆಳಗೆ ಬೀಳುತ್ತದೆ. ಕಳೆದುಹೋದ ವೋಲ್ಟೇಜ್ ಎಲ್ಲಿ ಹೋಯಿತು ಅಂದರೆ ಆ ಸರಳಿನ ಮೇಲೇ ಕೂತಿರುತ್ತದೆ. ಅದರ ಹತ್ತಿರ ಬರಿಗಾಲಲ್ಲಿ ನಿಂತ ಮಗು, ಕಟ್ಟಿದ ಎತ್ತು ಶಾಕ್ ತಿನ್ನುತ್ತವೆ.

ಲಕ್ಷಣ ಹೀಗೆ: ಖಾಲಿ ಇದ್ದಾಗ 230 ಹತ್ತಿರ, ದೊಡ್ಡ ಲೋಡ್ ಹಾಕಿದರೆ ಅರ್ಧ. ಎರಡು ವೈರ್‌ನಲ್ಲಿ ಒಂದು ನೆಲಕ್ಕೆ ಹೋಗಿರುತ್ತದೆ. ಇದಕ್ಕೆ ರಿಪೇರಿ ಇಲ್ಲ, ಬಿಚ್ಚಿಬಿಡಿ. ರಾತ್ರಿ ಗಾಡಿಯ ಬ್ಯಾಟರಿಯಲ್ಲೇ ಕಳೆಯಿರಿ.

ಆರ್‌ಸಿಸಿಬಿ ಪದೇ ಪದೇ ಬೀಳುತ್ತದೆ

ಯಾವುದು ಬಿತ್ತು ಅನ್ನುವುದೇ ಅರ್ಧ ಉತ್ತರ. ಗೋಡೆಯ ಕಡೆಯದು ಮಾತ್ರ ಬಿದ್ದರೆ ಕೇಬಲ್, ಗಾಡಿಗೆ ಕೇಬಲ್ ಸಿಕ್ಕಿಸುವ ಇನ್‌ಲೆಟ್ ನೋಡಿ. ಒದ್ದೆ ಹುಲ್ಲಿನಲ್ಲಿ ಬಿದ್ದ ಜಾಯಿಂಟ್, ನೀರು ಹೊಕ್ಕ ಕನೆಕ್ಟರ್. ಗಾಡಿಯದು ಬಿದ್ದರೆ ದೋಷ ಅದರಿಂದ ಒಳಗಡೆ. ಎಂಸಿಬಿಗಳನ್ನೆಲ್ಲ ಇಳಿಸಿ ಆರ್‌ಸಿಸಿಬಿ ಎತ್ತಿ. ನಿಂತರೆ ಒಂದೊಂದಾಗಿ ಹಾಕಿ. ಗೀಸರ್ ಹಾಕಿದಾಗ ಬಿದ್ದರೆ ಎಲಿಮೆಂಟ್‌ಗೆ ನೀರು ಇಳಿದಿದೆ. ಮಲ್ಟಿಮೀಟರ್‌ನ ಸಣ್ಣ ಬ್ಯಾಟರಿಗೆ ಅದು ಸಿಗದಿರಬಹುದು, ಸೋರಿಕೆ ಹುಡುಕುವ 500 ವೋಲ್ಟ್ ಮೆಗ್ಗರ್ ಮೀಟರ್ ಹಚ್ಚಿದರೆ ಸಿಗುತ್ತದೆ.

ಎಲ್ಲಾ ಎಂಸಿಬಿ ಇಳಿಸಿದರೂ ಬೀಳುತ್ತಿದ್ದರೆ, ಅದೂ ಒಮ್ಮೊಮ್ಮೆ, ಸಂಜೆ ಹೊತ್ತು ಮಾತ್ರ ಬೀಳುತ್ತಿದ್ದರೆ, ನ್ಯೂಟ್ರಲ್ ಎಲ್ಲೋ ಗಾಡಿಯ ಮೈಗೆ ತಾಗಿದೆ. ಸಿಂಗಲ್ ಪೋಲ್ ಎಂಸಿಬಿ ನ್ಯೂಟ್ರಲ್ ಕಡಿಯುವುದಿಲ್ಲ ಅಲ್ವಾ. ಆಗ ಸಾಮಾನುಗಳ ಪ್ಲಗ್‌ಗಳನ್ನೇ ಕಿತ್ತು ನೋಡಬೇಕು. ಇನ್ವರ್ಟರ್ ಇರುವ ಗಾಡಿಯಲ್ಲಿ ಅದರ ನ್ಯೂಟ್ರಲ್‌ನ್ನು ಮೈಗೆ ಕಟ್ಟಿ, ಹೊರಗಿನ ಕರೆಂಟ್‌ನಿಂದ ಇನ್ವರ್ಟರ್‌ಗೆ ಬದಲಿಸುವ ಚೇಂಜ್‌ಓವರ್ ಸ್ವಿಚ್‌ನಲ್ಲಿ ಫೇಸ್ ಮಾತ್ರ ಬದಲಿಸಿರುತ್ತಾರೆ. ಚೇಂಜ್‌ಓವರ್ ಎರಡೂ ವೈರ್ ಬದಲಿಸಬೇಕು. ಬೀಳುತ್ತದೆ ಅಂತ ಆರ್‌ಸಿಸಿಬಿಯನ್ನೇ ಬೈಪಾಸ್ ಮಾಡಬೇಡಿ.

ಉಳಿದ ಕೆಲವು

ಎಂಸಿಬಿ ಹಾಕಿದ ಕೂಡಲೇ ಬಿದ್ದರೆ ಶಾರ್ಟ್. ಅರ್ಧ ಗಂಟೆ ನಡೆದು ಬಿದ್ದರೆ ಲೋಡ್ ಜಾಸ್ತಿ. 16 ಆಂಪಿಯರ್ ಅಂದರೆ ಸುಮಾರು 3600 ವ್ಯಾಟ್. ಗೀಸರ್, ಇಂಡಕ್ಷನ್ ಒಲೆ ಎರಡೇ ಸೇರಿ 4000. ಎಂಸಿಬಿಯ ಅಳತೆ 30 ಡಿಗ್ರಿ ಶಾಖಕ್ಕೆ ಇಟ್ಟದ್ದು, ಬಿಸಿಲಿಗೆ ಕಾದ ಡಬ್ಬಿಯಲ್ಲಿ ಇನ್ನೂ ಬೇಗ ಬೀಳುತ್ತದೆ. ದೊಡ್ಡ ಎಂಸಿಬಿ ಹಾಕಬೇಡಿ, ಒಂದನ್ನು ಆಫ್ ಮಾಡಿ.

ಕೆಲವು ಲೈಟು ಝಗ್ ಅಂತ ಹೊಳೆದು ಮತ್ತೆ ಮಂಕಾದರೆ, ಮೀಟರ್ 260 ದಾಟಿದರೆ, ತಕ್ಷಣ ಪ್ಲಗ್ ಕೀಳಿ. ಕಟ್ಟಡದ ಅಥವಾ ಲೈನ್‌ನ ನ್ಯೂಟ್ರಲ್ ಕಡಿದಿರಬಹುದು. ಇದರಲ್ಲಿ ನಿಮಿಷ ಕಾದರೂ ಸಾಮಾನು ಹೋಗುತ್ತದೆ. ಗುಡುಗು ಮಿಂಚು ಶುರುವಾದಾಗಲೂ ಪ್ಲಗ್ ಕಿತ್ತಿಡಿ.

ಹೊರಗಿನ ಕರೆಂಟ್ ಇದ್ದರೂ ಬ್ಯಾಟರಿ ಏರುತ್ತಿಲ್ಲ ಅಂದರೆ ಬ್ಯಾಟರಿಯ ತುದಿಗೇ ಮೀಟರ್ ಹಚ್ಚಿ. ಲೆಡ್ ಆ್ಯಸಿಡ್ ಬ್ಯಾಟರಿಗೆ ಚಾರ್ಜ್ ಆಗುವಾಗ 13.6ರಿಂದ 14.4ರವರೆಗೆ ಬರಬೇಕು. 12.5ರಲ್ಲೇ ನಿಂತಿದ್ದರೆ ಚಾರ್ಜರ್‌ನ ಫ್ಯೂಸ್, ವೈರ್ ತುದಿಯ ಲಗ್ ನೋಡಿ.

ಜೋಡಿಸುವ ಕ್ರಮ: ಗೋಡೆಯ ಸ್ವಿಚ್ ಆಫ್ ಇರಲಿ. ಮೊದಲು ಗಾಡಿಯ ಇನ್‌ಲೆಟ್‌ಗೆ ಕನೆಕ್ಟರ್, ಆಮೇಲೆ ಗೋಡೆಗೆ ಪ್ಲಗ್, ಕೊನೆಗೆ ಸ್ವಿಚ್. ಬಿಚ್ಚುವಾಗ ಉಲ್ಟಾ. ಎರಡೂ ತುದಿಗೆ ಗಂಡು ಪ್ಲಗ್ ಇರುವ ಕೇಬಲ್ ಯಾರಾದರೂ ಕೊಟ್ಟರೆ ತೆಗೆದುಕೊಳ್ಳಬೇಡಿ, ಒಂದು ತುದಿಯ ಪಿನ್‌ಗಳು ಬರಿಗೈಗೆ ಸಿಗುವ ಹಾಗೆ ಕರೆಂಟ್ ಹೊತ್ತಿರುತ್ತವೆ. ಮಳೆಯಲ್ಲಿ ಜಾಯಿಂಟ್‌ನ್ನು ಇಟ್ಟಿಗೆ ಮೇಲೆ ಎತ್ತಿಡಿ. ಇನ್‌ಲೆಟ್‌ನ ಕೆಳಗೆ ಕೇಬಲ್ ಸ್ವಲ್ಪ ಜೋತಾಡಲಿ, ನೀರು ಅಲ್ಲೇ ತೊಟ್ಟಿಕ್ಕುತ್ತದೆ.

ಗಾಣಗಾಪುರದಲ್ಲಿ ಕನ್ವರ್ಟರ್ ತೆಗೆದು ಪಕ್ಕಕ್ಕಿಟ್ಟೆ. ಲಾಡ್ಜಿನವರು ಪಂಪ್ ರೂಮಿನ 16 ಆಂಪಿಯರ್ ಸಾಕೆಟ್ ಕೊಟ್ಟರು. ಅಲ್ಲಿಯ ಅರ್ಥ್‌ಗೆ ಬಲ್ಬ್ ಹಚ್ಚಿದಾಗ ಪೂರ್ತಿ ಬೆಳಕು ಬಂತು. ನನ್ನ ಹತ್ತಿರ ಇದ್ದ 20 ಮೀಟರ್‌ನ 2.5 ಕೇಬಲ್ ಎಳೆದು ಗೀಸರ್ ಹಾಕಿದೆ. ಗೋಡೆಯಲ್ಲಿ 220, ಗಾಡಿಯಲ್ಲಿ 217. ಗಾಡಿಯ ಮೈಗೂ ನೆಲಕ್ಕೂ ಮೀಟರ್ ಒಂದು ವೋಲ್ಟೂ ತೋರಿಸಲಿಲ್ಲ. ಎಸಿ ಮೊದಲ ಸಲಕ್ಕೇ ಎದ್ದಿತು. ಅರ್ಧ ಗಂಟೆ ನಡೆಸಿ, ಪ್ಲಗ್‌ನ ಬೆನ್ನಿಗೆ ಕೈ ಇಟ್ಟು ನೋಡಿದೆ. ಬೆಚ್ಚಗೂ ಇರಲಿಲ್ಲ. ಆಮೇಲೆ ಆ ತಾಯಿಯನ್ನು ಕರೆದು, ನಾನೇ ಮೊದಲು ರಾಡ್ ಹಿಡಿದು ತೋರಿಸಿ, ಹತ್ತಿಸಿದೆ.